ಲೋಥಾರ್ ತಂದ ತಪ್ಪಿನ ಕೇಕು

ಜರ್ಮನಿಯ ಡ್ರೆಸ್ಡೆನ್ನಿನ ಆ ಪ್ರಯೋಗಶಾಲೆಯಲ್ಲಿ ಗುಂದುಲಾಳ ಕೆಲಸಕ್ಕೆ ಎರಡು ಮಾತಿರಲಿಲ್ಲ. ವಿದ್ಯುತ್ತು ಹರಿಸಿ ಅಳೆಯಲೆಂದು ಕೂದಲಿಗಿಂತ ತೆಳುವಾದ ಚಿನ್ನದ ತಂತಿಯನ್ನು ಸಾಸಿವೆ ಗಾತ್ರದ ಹರಳಿಗೆ ಬೆಳ್ಳಿಯ ಅಂಟಿನಿಂದ ಕೂರಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎನ್ನುತ್ತಿದ್ದರು. ಕೇಳಿ ಕೇಳಿ ಅದು ಅವಳಿಗೂ ಸ್ವಲ್ಪ ತಲೆಗೇರಿತ್ತು. ಹರಳು ಬೆಳೆಸುವವನು ಲೋಥಾರ್. ಲಕ್ಷಕ್ಕೆ ಒಂದು ಬೇರೆ ಅಣುವೂ ಸೇರದಂತೆ ಕುಲುಮೆಯ ಮುಂದೆ ತಿಂಗಳುಗಟ್ಟಲೆ ಕಾಯುವ ಮನುಷ್ಯ. ಬರುವ ವಸಂತಕ್ಕೆ ಅವನ ನಿವೃತ್ತಿ.

ಸಾಧಾರಣ ಲೋಹದಲ್ಲಿ ಎಲೆಕ್ಟ್ರಾನುಗಳು ಕಲ್ಮಶಕ್ಕೆ ಡಿಕ್ಕಿ ಹೊಡೆಯುತ್ತ ತಡವರಿಸಿಕೊಂಡು ಹೋಗುತ್ತವೆ. ಲೋಹದ ಅಪ್ಪಟ ಹರಳಿನಲ್ಲಿ, ಕೊರೆಯುವ ಚಳಿಯಲ್ಲಿ, ಅವು ನೀರಿನಂತೆ ಒಟ್ಟಾಗಿ ಹರಿದು ಸುಳಿ ಕೂಡ ಕಟ್ಟಬಹುದು. ಸುಳಿ ಇದ್ದಲ್ಲಿ ವೋಲ್ಟೇಜು ಧನದಿಂದ ಋಣಕ್ಕೆ ತಿರುಗುತ್ತದೆ. ಗುಂದುಲಾಳ ಅಳತೆಯಲ್ಲಿ ಅದು ತಿರುಗಿತ್ತು. ಎಲ್ಲರೂ ಕುಣಿದಾಡಿದರು. ಲೋಥಾರ್ ಮಾತ್ರ ಮೂಲೆಗೆ ಹೋಗಿ ಕಣ್ಣೊರೆಸಿಕೊಂಡ.

ಆಮೇಲೆ ಅದೇ ಕುಲುಮೆಯ ಇನ್ನೊಂದು ಹರಳನ್ನು ಬೇರೆ ಊರಿನವರು ಅಳೆದರು. ಅಲ್ಲಿ ಏನೂ ತಿರುಗಲಿಲ್ಲ. ಗುಂದುಲಾ ತನ್ನ ಹರಳನ್ನು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಳು. ಆ ಹರಳು ಪುಸ್ತಕದ ಹಾಳೆಗಳಂತೆ ಪದರ ಪದರ. ಪದರದಿಂದ ಪದರಕ್ಕೆ ವಿದ್ಯುತ್ತು ಸುಲಭವಾಗಿ ಇಳಿಯದು, ಅದಕ್ಕೇ ಅಂಟು ಬದಿಯಲ್ಲಿ ಎಲ್ಲ ಪದರಗಳನ್ನೂ ಮುಟ್ಟಬೇಕು. ಇವಳ ಅಂಟು ನೆತ್ತಿಯ ಮೇಲೆಯೇ ನಿಂತಿತ್ತು. ವಿದ್ಯುತ್ತು ಮೇಲಿನ ಪದರಗಳಲ್ಲಷ್ಟೇ ಓಡಿ, ಸುಳಿಯೇ ಇಲ್ಲದೆ ವೋಲ್ಟೇಜು ತಿರುಗಿದಂತೆ ಕಂಡಿತ್ತು. ಹೊಸಬರಿಗೆ ಮೊದಲ ದಿನ ಅವಳೇ ಹೇಳಿಕೊಡುವ ಪಾಠ ಅದು! ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನಾಳೆ ಎಂದುಕೊಂಡಳು; ನಾಳೆ ಎಂದವರ ಮನೆ ಹಾಳು.

ತಪ್ಪು ಮಾಡಿದವರು ಎಲ್ಲರಿಗೂ ಕೇಕು ಮಾಡಿ ತರಬೇಕು ಎಂಬುದು ಆ ಪ್ರಯೋಗಶಾಲೆಯ ರೂಢಿ. ಒಂದು ಮಧ್ಯಾಹ್ನ ಕಾಫಿಯ ಹೊತ್ತಿಗೆ ಲೋಥಾರ್ ಗಿಣ್ಣಿನ ಕೇಕು ಹಿಡಿದು ಬಂದ. ಅಂಚೆಲ್ಲ ಸೀದಿತ್ತು.

"ಏನಣ್ಣಾ, ಕುಲುಮೇಲೇ ಬೇಯಿಸಿದ್ಯಾ?" ಎಂದು ಯಂತ್ರ ನೋಡಿಕೊಳ್ಳುವ ಮಾರ್ಕೊ ಕಿಚಾಯಿಸಿದ.

"ನಗಬೇಡ ಕಣೋ, ತಪ್ಪು ನಂದು. ಗುಂದುಲಾ ಅಳೆದಿದ್ದು ಸರಿಯಾಗೇ ಇದೆ. ನಾನೇ ಆ ಊರಿಗೆ ಕೊಳಕು ಹರಳು ಕಳಿಸಿಬಿಟ್ಟೆ. ವಯಸ್ಸಾಯ್ತಲ್ಲ." ಮೊದಲ ತುಂಡನ್ನು ಅವನು ಗುಂದುಲಾಳ ತಟ್ಟೆಗೆ ಹಾಕಿದ. "ತಗೋಮ್ಮಾ. ನನ್ನಿಂದ ನಿನ್ನ ಹೆಸರೂ ಕೆಡ್ತು, ಕ್ಷಮಿಸು."

ಭೂಮಿ ಬಾಯಿಬಿಡಬಾರದೇ ಎನಿಸಿತು ಅವಳಿಗೆ. ಆದರೂ, ಕತೆ ಹೇಳುವವರು ಇದ್ದದ್ದನ್ನು ಇದ್ದಂತೆ ಹೇಳಬೇಕಲ್ಲ, ಒಂದು ಚೂರು ಮುರಿದು ಬಾಯಿಗಿಟ್ಟಳು. ಆಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ತಪ್ಪು ನಂದು," ಎಂದಳು. "ಅಂಟು ಬದಿಗೆ ಮುಟ್ಟೇ ಇಲ್ಲ, ಮೇಲೇ ನಿಂತಿದೆ. ನಂಗೆ ಆವಾಗ್ಲೇ ಗೊತ್ತಾಗಿತ್ತು. ಸುಮ್ನಿದ್ದೆ."

ಮಾರ್ಕೊ ಲೋಟ ಕೆಳಗಿಟ್ಟ. ಲೋಥಾರ್ ಉಗಿಯಲಿ, ತಟ್ಟೆ ಕಿತ್ತುಕೊಳ್ಳಲಿ ಎಂದು ಅವಳು ತಲೆ ತಗ್ಗಿಸಿ ಕಾದಳು. ಅವನು ಪಕ್ಕಕ್ಕೆ ಬಂದು ಬಗ್ಗಿ, ಮೆಲ್ಲಗೆ ಕೇಳಿದ:

"ಹಾಗಾದ್ರೆ ನನ್ನ ಹರಳು ಚೊಕ್ಕವಾಗೇ ಇದ್ಯಾ?"

"ಚೊಕ್ಕವಾಗಿದೆ."

"ಅಯ್ಯೋ, ಬದುಕಿಸ್ದೆ ಕಣಮ್ಮಾ!" ಎಂದು ಲೋಥಾರ್ ನಕ್ಕುಬಿಟ್ಟ. ಅವಳು ಬಾಯಿಮುಚ್ಚಿ ಕೂತಿದ್ದಷ್ಟು ದಿನವೂ ಆ ಮನುಷ್ಯ ಇಲ್ಲದ ಕೊಳೆ ಹುಡುಕಿಕೊಂಡು ಕುಲುಮೆ ಉಜ್ಜುತ್ತಿದ್ದ, ಅವಳು ದಿನಾ ಅದನ್ನು ನೋಡಿಕೊಂಡೇ ಹಾದುಹೋಗುತ್ತಿದ್ದಳು. ಈಗ ಅವನು ಅವಳಿಗೇ ಥ್ಯಾಂಕ್ಸ್ ಹೇಳುತ್ತಿದ್ದ.