ಎರಡು ಮನೆಯ ಹುಲ್ಲು ಗಾಡಿ

ನಮ್ಮ ಮನೆ ಸಖರಾಯಪಟ್ಟಣದಿಂದ ಸ್ವಲ್ಪ ಒಳಕ್ಕಿದೆ. ಪಾಲಾದಾಗ ತೆಂಗಿನ ತೋಟದಲ್ಲಿ ರಸ್ತೆ ಕಡೆಯ ಅರ್ಧ ನಮಗೆ ಬಂತು, ಹಳ್ಳದ ಕಡೆಯ ಅರ್ಧ ನಮ್ಮ ಯಜಮಾನರ ಅಣ್ಣನಿಗೆ ಹೋಯಿತು. ಅವರನ್ನು ನಾನು ಭಾವ ಅನ್ನುತ್ತೇನೆ. ದನ, ಪಂಪು, ಹಿತ್ತಾಳೆ ಹಂಡೆ, ಎಲ್ಲವನ್ನೂ ಜಗಳವಿಲ್ಲದೆ ಹಂಚಿಕೊಂಡಿದ್ದೆವು. ಜಗಳ ಶುರುವಾದದ್ದು ಪಾಲಾದ ಮೇಲೆ ಎರಡು ಮನೆಯವರೂ ಸೇರಿ ಕೊಂಡ ಒಂದು ಗಾಡಿಯಿಂದ.

ಅದು ಕೂತುಕೊಂಡು ಓಡಿಸುವ, ಹುಲ್ಲು ಕೊಯ್ಯುವ ಗಾಡಿ. ತರೀಕೆರೆ ಆಚೆ ಬೆಟ್ಟದ ಬುಡದ ಒಂದು ಹೋಂಸ್ಟೇಯವರು ಹುಲ್ಲುಹಾಸನ್ನು ಕಿತ್ತು, ಕಾರು ನಿಲ್ಲಿಸುವುದಕ್ಕೆ ಕಲ್ಲು ಹಾಸಿಸುತ್ತಿದ್ದರು. ಅವರಿಗೆ ಗಾಡಿ ಬೇಡವಾಗಿತ್ತು. ತೋಟಕ್ಕೆ ಟಿಲ್ಲರ್ ಹೊಡೆದು ಹೊಡೆದು ಬೇರು ಕತ್ತರಿಸಿದ್ದು ಸಾಕು, ಹುಲ್ಲನ್ನು ಕೊಯ್ದು ಬುಡಕ್ಕೇ ಹಾಕೋಣ ಅಂತ ಅಣ್ಣತಮ್ಮಂದಿರಿಬ್ಬರೂ ಆ ದಿನಗಳಲ್ಲಿ ಮಾತಾಡಿಕೊಳ್ಳುತ್ತಿದ್ದರು. ಹೋಗಿ ನೋಡಿ, ಗೂಡ್ಸ್ ಗಾಡಿಗೆ ಏರಿಸಿಕೊಂಡು ಬಂದೇಬಿಟ್ಟರು. ಒಂದು ವಾರ ಅವರ ತೋಟಕ್ಕೆ, ಒಂದು ವಾರ ನಮ್ಮ ತೋಟಕ್ಕೆ ಅಂತ ಮಾತಾಯಿತು. ಸೋಮವಾರ ಬಸವಣ್ಣನ ದಿನ, ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಭಾವ ಆ ನೇಮವನ್ನು ಗಾಡಿಗೂ ಹಾಕಿದರು. ಹಾಗಾಗಿ ಸೋಮವಾರ ಅದಕ್ಕೆ ರಜೆ, ಮಂಗಳವಾರ ಬೆಳಿಗ್ಗೆ ಕೈ ಬದಲು. ನಿಲ್ಲಿಸುವುದು ಮಾತ್ರ ಯಾವಾಗಲೂ ಭಾವನ ಹಿತ್ತಲಿನ ಶೆಡ್ಡಿನಲ್ಲಿ, ಯಾಕೆಂದರೆ ನಮ್ಮಲ್ಲಿ ಶೆಡ್ಡಿರಲಿಲ್ಲ.

ನಮ್ಮ ಯಜಮಾನರು ಕಡೂರಿನ ಕಾಲೇಜಿನಲ್ಲಿ ಮೇಷ್ಟ್ರು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಬರುವುದು. ಹಾಗಾಗಿ ತೋಟದ ಜೊತೆಗೆ ಗಾಡಿಯೂ ನನ್ನದೇ ಆಯಿತು. ಹೆಂಗಸು ಗಾಡಿ ಹತ್ತಿ ಕೂತದ್ದನ್ನು ನೋಡೋಕೆ ಮೊದಮೊದಲು ಬೇಲಿ ಹತ್ತಿರ ಜನ ನಿಂತಿದ್ದುಂಟು. ನನಗೇನೂ ಅನ್ನಿಸಲಿಲ್ಲ. ಶಿವನಿಯ ನನ್ನ ತವರಿನಲ್ಲಿ ಹಿಟ್ಟಿನ ಗಿರಣಿ ಇತ್ತು. ಡೀಸೆಲ್ ಇಂಜಿನ್ನಿನ ಸದ್ದು ಕೇಳಿಕೊಂಡೇ ಬೆಳೆದವಳು ನಾನು.

ಮೊದಲ ಮಳೆಗಾಲ ಸಲೀಸಾಗಿ ಹೋಯಿತು. ಬೇಸಿಗೆಯಲ್ಲಿ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಮಳೆ ಬಿದ್ದು ಮತ್ತೆ ಹೊರಗೆ ತೆಗೆದಾಗ ಅದಕ್ಕೊಂದು ಚಾಳಿ ಹಿಡಿದಿತ್ತು. ಚೆನ್ನಾಗಿ ಓಡುತ್ತಾ ಓಡುತ್ತಾ ಇದ್ದದ್ದು, ಉಸಿರು ಕಟ್ಟಿದ ಹಾಗೆ ಎರಡು ಸಲ ಕೆಮ್ಮಿ ನಿಂತುಬಿಡುವುದು.

ಮೊದಲ ಸಲ ನಿಂತಾಗ ನನ್ನ ತಲೆಗೆ ಬಂದದ್ದು ಇಂಜಿನ್ನಲ್ಲ, ಪೆಟ್ರೋಲು. ಹಿಂದಿನ ಸಂಜೆ ತುಂಬಿಸಿದ್ದೆ. ರಾತ್ರಿಯೆಲ್ಲ ಭಾವನ ಶೆಡ್ಡಿನಲ್ಲಿ ನಿಂತಿತ್ತು. ಸೀಟಿನ ಹಿಂದಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು, ಒಂದು ತೆಂಗಿನ ಕಡ್ಡಿ ಇಳಿಬಿಟ್ಟು ನೋಡಿದೆ. ಪೆಟ್ರೋಲ್ ಇತ್ತು. ಆದರೆ ಇರಬೇಕಾದಷ್ಟು ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಮುಚ್ಚಳ ಹಾಕಿ ಕೀಲಿ ತಿರುಗಿಸಿದೆ. ತಕ್ಷಣ ಸ್ಟಾರ್ಟ್ ಆಯಿತು.

ಅಂದಿನಿಂದ ಅಳತೆ ಶುರು ಮಾಡಿದೆ. ಸಂಜೆ ಕಡ್ಡಿ ಅದ್ದಿ, ಒದ್ದೆಯಾದಷ್ಟಕ್ಕೆ ಉಗುರಲ್ಲಿ ಗೀರು ಹಾಕಿ, ಅಡುಗೆಮನೆ ಕಿಟಕಿಯಲ್ಲಿ ಇಡುವೆ. ಬೆಳಿಗ್ಗೆ ತಂದು ಮತ್ತೆ ಅದ್ದಿ ನೋಡುವೆ. ಒಂದು ಬೆಳಿಗ್ಗೆ ಅಳತೆ ಕಮ್ಮಿ ಬಂತು. ನನ್ನ ಕಣ್ಣೇ ತಪ್ಪಿರಬಹುದು ಅಂದುಕೊಂಡರೂ ಮನಸ್ಸು ಒಪ್ಪಲಿಲ್ಲ. ಸಂಜೆ ಯಜಮಾನರಿಗೆ ಹೇಳಿದೆ.

"ಅಣ್ಣ ಪೆಟ್ರೋಲ್ ಕದೀತಾನೇನೇ? ಸುಮ್ನಿರು, ಆವಿಯಾಗಿರ್ತದೆ," ಅಂದರು.

"ಬರೀ ನನ್ ವಾರದಲ್ಲೇ ಆವಿಯಾಗ್ತದಾ?" ಅಂದೆ. ಅವರು ಪೇಪರು ಎತ್ತಿಕೊಂಡರು.

ಭಾವನ ವಾರದ ಕಥೆ ಬೇರೆಯೇ ಇತ್ತು. ಗಾಡಿ ಒಮ್ಮೆ ನಿಂತರೆ ಮುಗಿಯಿತು, ಅವರ ಕೈಯಲ್ಲಿ ಮತ್ತೆ ಸ್ಟಾರ್ಟೇ ಆಗುತ್ತಿರಲಿಲ್ಲವಂತೆ. ಕೀಲಿ ತಿರುಗಿಸಿ ತಿರುಗಿಸಿ ಬ್ಯಾಟರಿ ಇಳಿಸಿ, ಟ್ರಾಕ್ಟರಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬರುವರು. ಮಾರನೆಯ ದಿನ ನೋಡಿದರೆ ಸ್ಟಾರ್ಟಾಗುವುದು, ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ನನ್ನ ವಾರದಲ್ಲಿ ನಿಂತರೂ ಕ್ಷಣದಲ್ಲಿ ಹೊರಡುತ್ತಿದ್ದ ಗಾಡಿ ಇವರ ವಾರದಲ್ಲಿ ಹಗ್ಗದಲ್ಲಿ ಬರುತ್ತದೆ ಅಂದರೆ ಅದಕ್ಕೆ ಏನರ್ಥ? ನಾಟಕ ಅಂತ ನಾನು ತೀರ್ಮಾನಿಸಿದೆ. ಗಾಡಿ ಹಾಳು ಅನ್ನಿಸಿ, ನಮ್ಮ ಪಾಲನ್ನು ಸಸ್ತಾಕ್ಕೆ ಬಿಡಿಸಿಕೊಳ್ಳುವ ನಾಟಕ.

ಭಾವ ಗಾಡಿಯನ್ನು ಶಿವಮೊಗ್ಗದ ಒಬ್ಬ ಡೀಲರ್ ಹತ್ತಿರ ಕಳಿಸಿದರು. ಅಲ್ಲಿಯವರು ಕಾರ್ಬೊರೇಟರ್ ಬಿಚ್ಚಿ ತೊಳೆದು, ಅಂಗಳದಲ್ಲಿ ಒಂದು ಸುತ್ತು ಓಡಿಸಿ ತೋರಿಸಿ, ಬಿಲ್ಲು ಕೊಟ್ಟು ಕಳಿಸಿದರು. ಬಂದ ಮಾರನೆಯ ದಿನವೇ ಭಾವನ ತೋಟದ ನಡುವೆ ಕೆಮ್ಮಿ ನಿಂತಿತು. ಫೋನ್ ಮಾಡಿದರೆ, ಇಂಜಿನ್ ಸವೆದಿದೆ, ಹೊಸದು ಕೂರಿಸಬೇಕು ಅಂದರಂತೆ. ಭಾವ ನಮ್ಮ ಜಗುಲಿಗೆ ಬಂದು ಕೂತು ಈ ಸುದ್ದಿ ಹೇಳಿದರು.

"ಹೊಸ ಇಂಜಿನ್ ರೇಟಿಗೆ ಇಂಥವು ಇನ್ನೆರಡು ಬತ್ತವೆ ಕಣಮ್ಮ. ಬೇಡ ಅಂದ್ರೆ ಹಿಂಗೇ ಅವನೇ ತಗಂತಾನಂತೆ. ಕೊಟ್ಬಿಡಾಣ."

"ನನ್ ಕೈಲಿ ಓಡ್ತೈತಲ್ಲ ಭಾವ."

"ಅದೇ ನಂಗೂ ಅರ್ಥ ಆಗದಿರೋದು," ಅಂದು ಅವರು ನನ್ನನ್ನು ಒಂದು ಥರ ನೋಡಿದರು. ಆ ನೋಟ ನನಗೆ ಇಷ್ಟವಾಗಲಿಲ್ಲ. ಡೀಲರೂ ಇವರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದಾರೆ ಅನ್ನಿಸಿತು.

"ಕೊಡೋದು ಬೇಡ. ನಾನೇ ರಿಪೇರಿ ಮಾಡ್ತೀನಿ," ಅಂದೆ. ಒಳಗಿದ್ದ ಯಜಮಾನರು ಬಾಗಿಲಿಗೆ ಬಂದು ನಿಂತರು.

ಬೀರೂರಿಗೆ ಹೋಗಿ ಒಂದು ಸ್ಪ್ಯಾನರ್ ಸೆಟ್ಟು, ಪ್ಲಗ್ಗು, ಪೆಟ್ರೋಲ್ ಪೈಪು ತಂದೆ. ಗಾಡಿಯನ್ನು ಶೆಡ್ಡಿಗೆ ಬಿಡದೆ ನಮ್ಮ ಅಂಗಳದಲ್ಲಿ ನಿಲ್ಲಿಸಿ ಟಾರ್ಪಾಲು ಹೊದಿಸಿದೆ. ಫೋನಿನಲ್ಲಿ ಯಾರ್ಯಾರೋ ಹಾಕಿದ ವೀಡಿಯೋ ನೋಡುತ್ತಾ, ನಿಲ್ಲಿಸುತ್ತಾ, ಒಂದೊಂದೇ ಬಿಚ್ಚಿದೆ. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಹಳೇ ಸೀರೆಯ ಮೇಲೆ ಸಾಲಾಗಿ ಇಟ್ಟೆ. ಏರ್ ಫಿಲ್ಟರ್ ತುಂಬ ಹುಲ್ಲಿನ ಪುಡಿ ಇತ್ತು, ಕೊಡವಿದೆ. ಪ್ಲಗ್ಗು ಬದಲಿಸಿದೆ. ಪೈಪು ಬಿರುಕು ಬಿಟ್ಟಿತ್ತು, ಅದನ್ನೂ ಬದಲಿಸಿದೆ. ಕಾರ್ಬೊರೇಟರಿನ ಬಟ್ಟಲು ಬಿಚ್ಚಿದಾಗ ಒಳಗೆ ಥಳಥಳ ಅನ್ನುತ್ತಿತ್ತು. ಡೀಲರ್ ಅಷ್ಟು ಕೆಲಸ ಮಾತ್ರ ನಿಜವಾಗಿ ಮಾಡಿದ್ದ. ಅವನ ಮೇಲಿನ ಸಂಶಯ ಒಂದು ಚೂರು ಕಮ್ಮಿಯಾಗಿ ಆ ಚೂರು ಭಾವನ ಮೇಲೆ ಹೋಗಿ ಕೂತಿತು.

ಬೇಲಿಯಾಚೆಯಿಂದ ವಾರಗಿತ್ತಿ ಎರಡು ಸಲ ಇಣುಕಿದಳು. "ಏನೇನ್ ಬಿಚ್ತಿದೀಯೇ, ನೋಡ್ಕಂಬಾ ಅಂದ್ರು," ಅಂತ ಹೇಳಿಯೂಬಿಟ್ಟಳು ಪಾಪ. ನಾನು ಟಾರ್ಪಾಲನ್ನು ಇನ್ನಷ್ಟು ಎಳೆದುಕೊಂಡೆ.

ಎಲ್ಲ ಜೋಡಿಸಿ ನಮ್ಮ ತೋಟದಲ್ಲಿ ಓಡಿಸಿದೆ. ಪೈಪು ಬದಲಿಸಿದ್ದಕ್ಕೋ ಏನೋ ಸದ್ದು ಮೊದಲಿಗಿಂತ ನುಣುಪಾಗಿತ್ತು. ಮಧ್ಯೆ ನಿಂತಿತು, ನಿಜ. ನಾನು ಅಭ್ಯಾಸದಂತೆ ಇಳಿದು ಕಡ್ಡಿ ಅದ್ದಿ ನೋಡಿ, ಹತ್ತಿ ಕೂತು ಸ್ಟಾರ್ಟ್ ಮಾಡಿದೆ. ಹೊರಟಿತು. ಹಳೇ ಗಾಡಿ, ಇಷ್ಟು ಇರಲಿ ಅಂದುಕೊಂಡೆ. ಮಂಗಳವಾರ ಭಾವನಿಗೆ ಒಪ್ಪಿಸುವಾಗ, "ಈಗ ಸರಿಯಾಗೈತೆ," ಅಂತ ಗಟ್ಟಿಯಾಗಿ ಹೇಳಿದೆ.

ಒಪ್ಪಿಸಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಅವರು ನಾಟಕ ಮಾಡುವುದನ್ನು ಕಣ್ಣಾರೆ ನೋಡಬೇಕಿತ್ತು. ಹಸುವಿಗೆ ಹುಲ್ಲು ತರುವ ನೆಪದಲ್ಲಿ ಹೋಗಿ ಹಳ್ಳದ ಕಡೆಯ ಪಂಪಿನ ಮನೆ ಹಿಂದೆ ನಿಂತುಕೊಂಡೆ. ಗಾಡಿ ಮರಗಳ ನಡುವೆ ಹೋಗಿ ಬರುತ್ತಿತ್ತು. ಭಾವ ತಲೆಗೆ ಟವೆಲ್ ಸುತ್ತಿ, ಗಾಜಿನ ಸಾಮಾನು ಹೊತ್ತವರ ಹಾಗೆ ಹುಷಾರಾಗಿ ಓಡಿಸುತ್ತಿದ್ದರು. ನಿಂತು ನಿಂತು ನನ್ನ ಕಾಲು ಸೋತವು. ಆಮೇಲೆ ಅದೇ ಕೆಮ್ಮು, ಅದೇ ನಿಲ್ಲುವುದು.

ಸುತ್ತ ಯಾರೂ ಇಲ್ಲ ಅಂದುಕೊಂಡಿದ್ದರು ಅವರು. ಕೀಲಿ ತಿರುಗಿಸಿದರು, ಇಲ್ಲ. ಇಳಿದು ಸುತ್ತ ಬಂದರು. ಬಾನೆಟ್ಟು ಎತ್ತಿ ನೋಡಿದರು. ಮತ್ತೆ ಹತ್ತಿ ಕೀಲಿ ತಿರುಗಿಸಿದರು. ಆಮೇಲೆ ಸ್ಟೀರಿಂಗಿನ ಮೇಲೆ ಹಣೆ ಇಟ್ಟು ಕೂತುಬಿಟ್ಟರು. "ನಂಗ್ಯಾಕ್ ಹಿಂಗ್ ಮಾಡ್ತೀಯೇ," ಅಂತ ಗಾಡಿಯನ್ನೇ ಕೇಳಿದ್ದು ನನ್ನ ಕಿವಿಗೆ ಬಿತ್ತು.

ನೋಡುವವರಿಲ್ಲದ ಕಡೆ ಯಾರು ನಾಟಕ ಮಾಡುತ್ತಾರೆ? ಹೊರಟುಹೋಗೋಣ ಅಂತ ತಿರುಗಿದರೆ ಕಾಲ ಕೆಳಗಿನ ಒಣ ಗರಿ ಲಟಲಟ ಅಂತು. ಅವರು ತಲೆ ಎತ್ತಿದರು.

"ಓಹೋ. ನೋಡಕ್ಕೆ ಬಂದ್ಯಾ?" ಅಂದರು. ಮುಖ ಕೆಂಪಗಾಗಿತ್ತು. "ಏನ್ ಮಾಡಿಟ್ಟಿದೀಯಮ್ಮ ಇದಕ್ಕೆ? ಟಾರ್ಪಾಲು ಹೊದ್ಸಿ ಏನ್ ಕೂರ್ಸ್ದೆ? ನಿನ್ ಕೈಲೇ ಓಡ್ತೈತೆ, ನನ್ ಕೈಲಿ ಓಡಲ್ಲ ಅಂದ್ರೆ ಎಲ್ಲೋ ಒಂದ್ ಸ್ವಿಚ್ ಇಟ್ಟಿದೀಯ ನೀನು."

ನಾನು ಅವರ ಮೇಲೆ ಹೊರಿಸಿದ್ದನ್ನೇ ಅವರು ನನ್ನ ಮೇಲೆ ಹೊರಿಸಿದ್ದರು. ನನಗೆ ಸಿಟ್ಟೂ ಬಂತು, ನಗುವೂ ಬಂತು. "ಎಂಥಾ ಸ್ವಿಚ್ಚು ಭಾವ? ನಾನೇ ಇದ್ರ ಇಂಜಿನ್ ಕೆಡಿಸ್ಕಂತೀನಾ?"

"ಹಂಗಾದ್ರೆ ಸ್ಟಾರ್ಟ್ ಮಾಡು. ನಾನ್ ನಿನ್ ಕೈ ನೋಡ್ತೀನಿ."

ಹತ್ತಿರ ಹೋದೆ. ಅಭ್ಯಾಸದ ಕೈ, ಮೊದಲು ಮುಚ್ಚಳವನ್ನೇ ತಿರುಗಿಸಿತು. ಹುಸ್ ಅಂತ ಒಂದು ಸಣ್ಣ ಸದ್ದಾಯಿತು. ಎಷ್ಟೋ ಸಲ ಕೇಳಿದ್ದ ಸದ್ದು, ಯಾವತ್ತೂ ಲೆಕ್ಕಕ್ಕೆ ತಗೊಂಡಿರಲಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕಡ್ಡಿ ತೆಗೆದೆ.

"ಕಡ್ಡಿ ಯಾಕೆ?"

"ಪೆಟ್ರೋಲ್ ಎಷ್ಟೈತೆ ನೋಡಕ್ಕೆ."

ಅವರು ಕಡ್ಡಿಯನ್ನೂ ನನ್ನನ್ನೂ ನೋಡಿದರು. ಅರ್ಥವಾಗದಿರುವುದಕ್ಕೆ ಅವರೇನು ಮಗುವೇ? ನಾನು ಮುಚ್ಚಳ ಹಾಕಿ, ಕೀಲಿ ತಿರುಗಿಸಿದೆ. ಗಾಡಿ ಗುರ್ ಅಂತ ಎದ್ದಿತು.

"ನಿಲ್ಸು," ಅಂದರು ಭಾವ. ನಿಲ್ಲಿಸಿದೆ. "ನೀನ್ ಮುಚ್ಳ ತಗ್ದೆ, ಹಾಕ್ದೆ, ಕೀಲಿ ತಿರುಗ್ಸ್ದೆ. ಅಷ್ಟೇ ತಾನೆ? ಪ್ರತಿ ಸಲಾನೂ ಮುಚ್ಳ ತಗೀತೀಯಾ?"

"ತಗೀತೀನಿ."

"ನಿಂತಾಗ ನಾನ್ ಒಂದ್ ಸಲಾನೂ ತಗ್ದಿಲ್ಲ. ತುಂಬಿರೋದನ್ನ ಯಾಕ್ ತಗ್ದು ನೋಡ್ಲಿ?"

ಒಬ್ಬರ ಕೈಯ ಮೇಲೆ ಇನ್ನೊಬ್ಬರಿಗೆ ನಂಬಿಕೆ ಇರಲಿಲ್ಲವಾದ್ದರಿಂದ ಪರೀಕ್ಷೆ ಚೆನ್ನಾಗಿಯೇ ನಡೆಯಿತು. ಅವರು ಮುಚ್ಚಳ ಬಿಗಿ ಮಾಡಿ ಓಡಿಸಿದರು, ನಾನು ಹಿಂದೆ ಹಿಂದೆಯೇ ನಡೆದೆ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಗಾಡಿ ಕೆಮ್ಮಿ ನಿಂತಿತು. "ಮುಟ್ಬೇಡಿ," ಅಂದು ಟ್ಯಾಂಕು ನೋಡಿದೆ. ಅದರ ಎರಡು ಪಕ್ಕವೂ ಉಪವಾಸದ ಹೊಟ್ಟೆಯಂತೆ ಒಳಕ್ಕೆ ಸೇದಿಕೊಂಡಿದ್ದವು. ಕೀಲಿ ತಿರುಗಿಸಿದರೆ ಬರೀ ಕರಕರ. ಈ ಸಲ ಭಾವನೇ ಮುಚ್ಚಳ ತಿರುಗಿಸಿದರು. ಹುಸ್ ಅಂದಿತು, ಟ್ಯಾಂಕು ಟಪ್ ಅಂತ ಉಬ್ಬಿತು. ಅವರ ಕೈಯಲ್ಲೇ ಗಾಡಿ ಸ್ಟಾರ್ಟಾಯಿತು.

ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದೆವು. ನೆತ್ತಿಯಲ್ಲಿ ಗಾಳಿಗೆ ಅಂತ ಬಿಟ್ಟಿದ್ದ ಸಣ್ಣ ತೂತು ಇತ್ತು. ಗೋಡೆ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುತ್ತದಲ್ಲ ಕಡಜ, ಅದು ಬೇಸಿಗೆಯಲ್ಲಿ ಶೆಡ್ಡಿಗೆ ಬಂದು ಆ ತೂತಿಗೆ ಮಣ್ಣು ಮೆತ್ತಿತ್ತು. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯುವುದು ನಿಂತುಹೋಗುತ್ತಿತ್ತು. ನಾನು ಮುಚ್ಚಳ ತೆಗೆದರೆ ಗಾಳಿ ಒಮ್ಮೆಲೇ ನುಗ್ಗುತ್ತಿತ್ತು, ಭಾವನ ವಾರದಲ್ಲಿ ರಾತ್ರಿಯೆಲ್ಲ ಸಂದಿಯಿಂದ ನಿಧಾನಕ್ಕೆ ಸೇರುತ್ತಿತ್ತು. ನನ್ನ ಸೆರಗಿನ ಪಿನ್ನು ತೆಗೆದು ಚುಚ್ಚಿದೆ. ಒಣಗಿದ ಮಣ್ಣು ಕೂದಲಷ್ಟು ಕೂದಲಷ್ಟೇ ಉದುರಿತು. ಭಾವ ಮುಚ್ಚಳ ಬಾಯಿಗೆ ಇಟ್ಟುಕೊಂಡು ಊದಿ, ಪೆಟ್ರೋಲ್ ರುಚಿಗೆ ಮುಖ ಹಿಂಡಿ, ಉಗಿದರು.

ಮುಚ್ಚಳವನ್ನು ಒರೆಸಿ ಟ್ಯಾಂಕಿಗೆ ಹಾಕಿದೆ. ಮಾತು ಭಾವನೇ ಶುರು ಮಾಡಿದರು.

"ಒಂದ್ ಸಲ ತಗಂಡಿದೀನಿ ಕಣಮ್ಮ. ಸ್ಕೂಟರಿಗೆ. ನೆಂಟರನ್ನ ರೈಲು ಹತ್ಸಕ್ಕೆ ಬೀರೂರಿಗೆ ಹೋಗ್ಬೇಕಿತ್ತು, ಬಂಕಿಗೆ ಹೋಗೋವಷ್ಟೂ ಪೆಟ್ರೋಲ್ ಇರ್ಲಿಲ್ಲ. ಒಂದೇ ಸಲ."

"ಗೊತ್ತು," ಅಂದೆ.

"ಗೊತ್ತಿತ್ತಾ!" ಅಂದರು.

ಆ ವಾರದ ಕೊನೆಗೆ ಡೀಲರಿನ ಕಡೆಯವನೊಬ್ಬ ಗಾಡಿ ಒಯ್ಯಲು ಬಂದ. ಕೊಡುವುದೇ ನಿಜ ಅಂತ ಭಾವ ಡೀಲರಿಗೆ ಮೊದಲೇ ಮಾತು ಕೊಟ್ಟುಬಿಟ್ಟಿದ್ದರು ಅನ್ನುವುದು ನನಗೆ ಆಗಲೇ ಗೊತ್ತಾದದ್ದು. ನನ್ನನ್ನು ಕೇಳುವುದಕ್ಕೂ ಮುಂಚೆಯೋ, ಕೇಳಿದ ಮೇಲೋ? ಈಗಲೂ ಕೇಳಿಲ್ಲ. ಅವನು ಬಂದಾಗ ಗಾಡಿ ತೋಟದಲ್ಲಿ ಓಡುತ್ತಿತ್ತು. ಬೇಲಿ ಪಕ್ಕ ನಿಂತು ಬಹಳ ಹೊತ್ತು ನೋಡಿದ. ನಿಲ್ಲುತ್ತದೇನೋ ಅಂತ ಕಾದ ಹಾಗಿತ್ತು.

"ಏನಾಗಿತ್ತು ಸಾರ್ ಇದಕ್ಕೆ?" ಅಂದ ಕೊನೆಗೆ.

ಭಾವ ನನ್ನ ಮುಖ ನೋಡಿದರು. ನಾನು ಮರದ ತುದಿ ನೋಡಿದೆ.

"ಏನಿಲ್ಲಪ್ಪ, ಸರ್ವೀಸ್ ಮಾಡಿದ್ವಿ," ಅಂದರು.

"ಯಾರ ಹತ್ರ?"

"ಮನೇಲೇ."

ಅವನು ನಂಬಲಿಲ್ಲ. ಇನ್ನೊಬ್ಬ ಡೀಲರ್ ಹತ್ತಿರ ಇಂಜಿನ್ ಹಾಕಿಸಿದ್ದೀರಿ, ಬಾನೆಟ್ ತೆಗೆದು ತೋರಿಸಿ ಅಂದ. ಭಾವ ತೋರಿಸಲಿಲ್ಲ. ಅವನು ಗೊಣಗುತ್ತಾ ಹೋದ.

ಇವತ್ತಿಗೂ ಗಾಡಿ ಓಡುತ್ತಿದೆ. ಬೆಲ್ಟು, ಬ್ಲೇಡು, ಎಣ್ಣೆ, ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ. ಹೋದ ತಿಂಗಳು ನನ್ನ ವಾರ ಶುರುವಾದ ದಿನ ಬ್ಲೇಡಿನ ಒಂದು ತುದಿ ಮುಕ್ಕಾಗಿತ್ತು. ಭಾವ ಹಳ್ಳದ ಕಡೆಯ ಕಲ್ಲಿಗೆ ತಾಗಿಸಿರುತ್ತಾರೆ. ಕೇಳಿದರೆ ನನ್ನ ತೋಟದ ಕಲ್ಲೇ ಅನ್ನುತ್ತಾರೆ. ಅರ ತೆಗೆದುಕೊಂಡು ಉಜ್ಜುತ್ತಾ ಕೂತೆ. ಯಜಮಾನರು ಬಸ್ಸಿಳಿದು ಬಂದವರು, "ಏನಾಯ್ತೇ?" ಅಂದರು. "ಏನೋ ತಾಗೈತೆ," ಅಂದೆ. ಅವರು ಚೀಲ ಕೆಳಗಿಟ್ಟು, ಬ್ಲೇಡಿನ ಇನ್ನೊಂದು ತುದಿ ಅಲುಗದಂತೆ ಹಿಡಿದುಕೊಂಡು ಕೂತರು.