ಹಾಲು ನಿಲ್ಲಿಸಿದ ಎಂಟು ದಿನ

ನಮ್ಮಪ್ಪ ನನ್ನ ಲಗ್ನಪತ್ರಿಕೆ ಶಾಸ್ತ್ರಕ್ಕೇ ತಡವಾಗಿ ಬಂದ ಮನುಷ್ಯ. ಆವತ್ತು ಬೆಳಿಗ್ಗೆ ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ರೇಷ್ಮೆ ಹುಳು ಮೇವು ಬಿಟ್ಟು ಕೂತು ಪೊರೆ ಕಳಚುವುದಕ್ಕೆ ನಮ್ಮ ಮೇಲೂರಿನ ಕಡೆ ಜ್ವರ ಅನ್ನುತ್ತಾರೆ. ಅದು ಎದ್ದ ಮೇಲೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಬೇಕು. ಬೀಗರು ನಡುಮನೆಯಲ್ಲಿ ಕೂತು ಎರಡನೇ ಸಲ ಕಾಫಿ ಕುಡಿಯುತ್ತಿದ್ದಾಗ ಅಪ್ಪ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದರು. ಅಮ್ಮ ತೀರಿಕೊಂಡ ಮೇಲಂತೂ ಎಲ್ಲಕ್ಕೂ ಅವರದು ಒಂದೇ ಉತ್ತರ: "ಹುಳ ಬಿಟ್ಟು ಹೆಂಗ್ ಬರ್ಲಮ್ಮ?" ಇದನ್ನು ಕೇಳಿ ಕೇಳಿ ನನಗೆ ರೇಷ್ಮೆ ಸೀರೆ ಕಂಡರೂ ಸಿಟ್ಟು ಬರುತ್ತಿತ್ತು.

ಹಾಗಾಗಿ ನನ್ನ ಮಗಳು ಎರಡು ತಿಂಗಳು ಮುಂಚೆಯೇ ಹುಟ್ಟಿ, ಒಂದು ಕೆಜಿ ಇನ್ನೂರು ಗ್ರಾಂ ತೂಗಿ, ಚಿಕ್ಕಬಳ್ಳಾಪುರದ ಆಸ್ಪತ್ರೆಯ ಐಸಿಯುವಿನಲ್ಲಿ ಗಾಜಿನ ಪೆಟ್ಟಿಗೆ ಸೇರಿದಾಗ ಅಪ್ಪನಿಂದ ನಾನೇನೂ ನಿರೀಕ್ಷಿಸಲಿಲ್ಲ. ಬಂದರು, ಕಿಟಕಿಯಿಂದ ಮೊಮ್ಮಗಳನ್ನು ನೋಡಿದರು, ಪೆಟ್ಟಿಗೆಯ ಮೇಲೆ ಮಿನುಗುವ ಅಂಕಿ ಓದಿದರು, "ಶಾಖ ಸರ್ಯಾಗಿ ಮಡಗವ್ರೆ" ಎಂದು ಆಸ್ಪತ್ರೆಗೆ ಸರ್ಟಿಫಿಕೇಟ್ ಕೊಟ್ಟು ಬಸ್ಸು ಹತ್ತಿದರು.

ಹತ್ತನೇ ದಿನ ಮಗುವಿನ ಹೊಟ್ಟೆ ಉಬ್ಬಿತು. ಮಲದಲ್ಲಿ ರಕ್ತ ಕಾಣಿಸಿತು. ನನಗಿಂತ ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ ಎಕ್ಸ್‌ರೇ ಹಿಡಿದುಕೊಂಡು ವಿವರಿಸಿದರು. ಕರುಳು ಇನ್ನೂ ಬಲಿತಿಲ್ಲ, ಅದಕ್ಕೆ ಸೋಂಕಾಗಿ ಊದಿಕೊಂಡಿದೆ. ಹಾಲು ಪೂರ್ತಿ ಬಂದ್, ಕರುಳಿಗೆ ವಿಶ್ರಾಂತಿ ಬೇಕು, ಆಹಾರ ಔಷಧಿ ಎಲ್ಲಾ ಡ್ರಿಪ್ಪಿನಲ್ಲೇ. ಹೊಟ್ಟೆ ಇಳಿದು, ರಕ್ತವಿಲ್ಲದೆ ಮಲ ಹೋದರೆ ಗೆದ್ದ ಹಾಗೆ. ಕರುಳು ತೂತಾದರೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಬೇಕು. "ಇಷ್ಟು ಸಣ್ಣ ಮಗುಗೆ ಆಪರೇಷನ್ ಅಂದ್ರೆ..." ಎಂದವರು ಮಾತು ಮುಗಿಸಲಿಲ್ಲ. ಮುಗಿಸದೆ ಬಿಟ್ಟದ್ದು ನನಗೆ ಚೆನ್ನಾಗಿ ಅರ್ಥವಾಯಿತು.

ಹೆದರಿಕೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ತೋರಿಸುತ್ತಾರೆ. ನನ್ನ ಗಂಡ ಶಿಡ್ಲಘಟ್ಟದಲ್ಲಿ ಗಣಿತದ ಮೇಷ್ಟ್ರು. ನಾನು ಮೂರು ಗಂಟೆಗೊಮ್ಮೆ ಪಂಪಿನಲ್ಲಿ ತೆಗೆದ ಹಾಲನ್ನು ಮುಂದೆ ಬೇಕಾಗುತ್ತದೆಂದು ಫ್ರೀಜರಿನಲ್ಲಿ ಇಡಬೇಕಿತ್ತು. ಇವರು ಪ್ರತಿ ಡಬ್ಬಿಗೂ ತಾರೀಖು, ಹೊತ್ತು ಬರೆದು, ಕೆಳಗೆ ಸ್ಕೇಲಿಟ್ಟು ಕೆಂಪು ಗೆರೆ ಎಳೆಯುತ್ತಿದ್ದರು. ಒಂದು ಡಬ್ಬಿಯ ಗೆರೆ ಸೊಟ್ಟಗಾಯಿತೆಂದು ಚೀಟಿ ಕಿತ್ತು ಮತ್ತೆ ಬರೆದರು. ನಾನು ಬೈದೆ, ಬೈಸಿಕೊಳ್ಳುತ್ತಲೇ ಮುಂದಿನ ಡಬ್ಬಿಗೆ ಗೆರೆ ಎಳೆದರು.

ನನ್ನ ಅತ್ತೆ ಚಿಂತಾಮಣಿಯವರು. ಅವರಿಗೆ ದುಃಖ ತೆಲುಗಿನಲ್ಲಿ ಬರುತ್ತದೆ, ಜಗಳ ಕನ್ನಡದಲ್ಲಿ. "ಪಸಿಬಿಡ್ಡ, ಪಸಿಬಿಡ್ಡ" ಎಂದು ಕಣ್ಣೊರೆಸಿಕೊಂಡು ಡಾಕ್ಟ್ರಮ್ಮನ ಕಡೆ ತಿರುಗಿ, "ಹಸುಗೂಸನ್ನ ಉಪವಾಸ ಕೆಡವ್ತೀರಲ್ಲಮ್ಮ, ನೀವೇನು ಮಕ್ಕಳನ್ನ ಹೆತ್ತಿದ್ದೀರಾ?" ಎಂದರು. "ಮದುವೇನೇ ಆಗಿಲ್ಲ ಅಮ್ಮ" ಎಂದರು ಆಕೆ. ಅತ್ತೆ ಅಲ್ಲಿಗೇ ಜಗಳ ಬಿಟ್ಟು, ಕೈವಾರದ ಕಡೆ ಒಬ್ಬ ಒಳ್ಳೇ ಹುಡುಗನಿದ್ದಾನೆ ಎಂದು ಶುರು ಮಾಡಿದರು.

ಅವತ್ತು ಸಂಜೆ ಅಪ್ಪ ಮತ್ತೆ ಬಂದರು, ಈ ಸಲ ಬಟ್ಟೆ ತುಂಬಿದ ಬ್ಯಾಗಿನ ಸಮೇತ. ಹಾಲು ನಿಲ್ಲಿಸಿದ ಸುದ್ದಿ ಫೋನಿನಲ್ಲಿ ಕೇಳಿ ಬಂದಿದ್ದ ಅವರೂ ಗಲಾಟೆ ಮಾಡಲಿ ಎಂದು ಅತ್ತೆ ಕಾದಿದ್ದರು. ಅಪ್ಪ ಕಿಟಕಿಯಿಂದ ಬಹಳ ಹೊತ್ತು ನೋಡಿ, "ಸರಿ, ಜ್ವರಕ್ಕೆ ಕೂತದೆ. ಈಗ ಯಾರೂ ಮುಟ್ಬಾರ್ದು" ಎಂದು ಬಾಗಿಲ ಪಕ್ಕದ ಕುರ್ಚಿ ಹಿಡಿದರು. ಅಲ್ಲಿಂದ ಮುಂದೆ ಐಸಿಯು ಅವರ ಹುಳುಮನೆ. "ಚಪ್ಲಿ ಆಚೆ ಬಿಡಿ. ಕೈ ತೊಳ್ಕೊಂಡ್ರಾ? ಸೆಂಟು ಗಿಂಟು ಹಾಕಿದ್ದೀರಾ?" ಎಂದು ಬಾಗಿಲಿಗೆ ಬಂದವರನ್ನೆಲ್ಲ ವಿಚಾರಿಸಿಕೊಳ್ಳತೊಡಗಿದರು. ಒಂದು ಬೆಳಿಗ್ಗೆ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರನ್ನೇ ತಡೆದರು. ಆತ ಬೂಟು ಬಿಚ್ಚಿಟ್ಟು, ನಗುತ್ತಾ ಎರಡು ಸಲ ಕೈ ತೊಳೆದುಕೊಂಡು ಒಳಗೆ ಹೋದರು.

"ಅಪ್ಪಾ, ಹುಳ ಯಾರು ನೋಡ್ಕೊತಾವ್ರೆ?" ಎಂದು ಕೇಳಿದರೆ, "ಅವೆ, ಅವೆ" ಎಂದು ಮಾತು ಹಾರಿಸುತ್ತಿದ್ದರು.

ಹಾಲು ನಿಲ್ಲಿಸಿ ಐದನೇ ದಿನಕ್ಕೂ ಹೊಟ್ಟೆ ಸರಿಯಾಗಿ ಇಳಿದಿರಲಿಲ್ಲ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ನಮ್ಮ ನೆಂಟರೆಲ್ಲ ಫೋನ್ ಮಾಡಿ, ಮಲ ಹೋಯಿತೇ ಎನ್ನುವುದನ್ನು "ಹೋಯ್ತಾ?" ಎಂದು ಒಂದೇ ಪದದಲ್ಲಿ ಕೇಳುತ್ತಿದ್ದರು. ಅತ್ತೆ ನನ್ನನ್ನು ಮೂಲೆಗೆ ಕರೆದು ಅಂಗೈಗೆ ಒಂದು ಪುಟ್ಟ ಶೀಶೆ ತುರುಕಿದರು. ಗಾಣದ ಹರಳೆಣ್ಣೆ. "ಒಂದೇ ತೊಟ್ಟು ನಾಲಿಗೆಗೆ ಸವರಿ ಬಾರಮ್ಮ. ನಿನ್ನ ಗಂಡನಿಗೂ ಹಂಗೇ ಹಾಕಿದ್ದು." ಒಳಗೆ ಹೋಗಲು ಬಿಡುತ್ತಿದ್ದದ್ದು ತಾಯಿಯನ್ನು ಮಾತ್ರ. ನಾನು ಎಂಎಸ್ಸಿ ಓದಿದವಳು. ಆ ಡಿಗ್ರಿಯನ್ನೂ ಶೀಶೆಯನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಿಗೆ ನಡೆದೆ. ಹಸಿದ ಮಗುವಿಗೆ ಏನಾದರೂ ಕೊಡಬೇಕು ಎನ್ನುವುದನ್ನು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

"ಕೈ ತೋರ್ಸು" ಎಂದರು ಅಪ್ಪ.

ಚಿಕ್ಕವಳಿದ್ದಾಗ ಮುಖಕ್ಕೆ ಪೌಡರ್ ಹಾಕಿಕೊಂಡು ಹುಳುಮನೆಗೆ ನುಗ್ಗಲು ಹೋದರೆ ಇದೇ ದನಿಯಲ್ಲಿ ತಡೆಯುತ್ತಿದ್ದರು. ಕೈ ತೋರಿಸಿದೆ. ಶೀಶೆ ತೆಗೆದುಕೊಂಡು ಮೂಸಿದರು.

"ಒಂದನೇ ಕ್ಲಾಸಲ್ಲಿದ್ದಾಗ ಏನು ಮಾಡಿದ್ದೆ, ಗ್ಯಾನ ಅದಾ?" ಎಂದರು.

ಇತ್ತು. ಹುಳು ಜ್ವರಕ್ಕೆ ಕೂತಾಗ ತಲೆ ಎತ್ತಿಕೊಂಡು, ಅಲುಗಾಡದೆ, ಏನನ್ನೂ ತಿನ್ನದೆ ಇರುತ್ತದೆ. ಪಾಪ, ಇವಕ್ಕೆ ಅಪ್ಪ ಊಟ ಹಾಕುವುದು ಮರೆತಿದ್ದಾರೆ ಎಂದುಕೊಂಡು ನಾನು ಹುಳು ಸಾಕುವ ಒಂದು ತಟ್ಟೆಯ ತುಂಬ ಸೊಪ್ಪು ಸುರಿದಿದ್ದೆ. ಮೂರು ದಿನದಲ್ಲಿ ಆ ತಟ್ಟೆಯ ಹುಳು ಸೊಪ್ಪಿನಡಿಯಲ್ಲೇ ಕೊಳೆತು ಹೋದವು. ಅಪ್ಪ ಅದನ್ನು ಹೊತ್ತುಕೊಂಡು ಹೋಗಿ ಹೂತು ಬಂದರು, ನನಗೊಂದು ಮಾತೂ ಅನ್ನಲಿಲ್ಲ.

"ಕನಿಕರಾನೇ ಕಣಮ್ಮ ಅವತ್ತೂ" ಎಂದು ಶೀಶೆಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಅತ್ತೆಯ ಕಡೆ ತಿರುಗಿ, "ಅಕ್ಕಾ, ಮಂಡಿ ನೋವಿಗೆ ಎಣ್ಣೆ ತಂದುಕೊಟ್ರಿ, ನಿಮ್ಮ ಉಪಕಾರ ಮರೆಯಲ್ಲ" ಎಂದು ಅಲ್ಲೇ ಶೀಶೆ ಹೊರತೆಗೆದು, ಪಂಚೆ ಮೇಲೆತ್ತಿ ತಿಕ್ಕಿಕೊಂಡರು. ಅತ್ತೆ ಅವತ್ತಿನಿಂದ ಅವರ ಜೊತೆ ಮಾತು ಬಿಟ್ಟರು.

ಆರನೇ ದಿನ ಹೊಟ್ಟೆ ಇಳಿಯತೊಡಗಿತು. ಎಂಟನೇ ದಿನ ಬೆಳಿಗ್ಗೆ ನರ್ಸಮ್ಮ ಮಡಿಸಿದ ಡೈಪರ್ ಹಿಡಿದು ಬಾಗಿಲಿಗೆ ಓಡಿ ಬಂದರು. ಅಪ್ಪ ಅವರನ್ನು ದಿನವೂ ಪೀಡಿಸಿ ಅಭ್ಯಾಸ ಮಾಡಿಸಿದ್ದರು. ಹುಳುವಿನ ಆರೋಗ್ಯ ಅದರ ಹಿಕ್ಕೆಯಲ್ಲಿ ಗೊತ್ತಾಗುತ್ತದೆ ಎಂದು ನಂಬಿದ ಮನುಷ್ಯ, ಕನ್ನಡಕ ಏರಿಸಿ ಬಗ್ಗಿ ನೋಡಿದರು. ಪಕ್ಕದಲ್ಲಿ ನನ್ನ ಗಂಡ, ಮಾತು ಬಿಟ್ಟಿದ್ದನ್ನು ಮರೆತ ಅತ್ತೆ, ನಾನು. ಐದು ಜನ ದೊಡ್ಡವರು ಒಂದು ಚಮಚದಷ್ಟು ಹೇಲಿನ ಮೇಲೆ ಬಗ್ಗಿ ಉಸಿರು ಬಿಗಿಹಿಡಿದಿದ್ದೆವು.

"ರಕ್ತ ಇಲ್ಲ. ಎದ್ದದೆ" ಎಂದರು ಅಪ್ಪ. ಡಾಕ್ಟ್ರಮ್ಮ ಆಮೇಲೆ ಪರೀಕ್ಷೆ ಮಾಡಿಸಿ, ಎಕ್ಸ್‌ರೇ ತೆಗೆಸಿ ಅದನ್ನೇ ಹೇಳಿದರು. ಆಪರೇಷನ್ ಬೇಡ, ಸಂಜೆಯಿಂದ ಒಂದೊಂದು ಎಂಎಲ್ ಹಾಲು ಶುರು ಮಾಡೋಣ. ಅತ್ತೆ ಆಕೆಯ ಎರಡೂ ಕೈ ಹಿಡಿದುಕೊಂಡು ತೆಲುಗಿನಲ್ಲೇ ಮಾತಾಡಿದರು, ಆದರೆ ಅದು ದುಃಖವಲ್ಲ.

ನನ್ನ ಗಂಡ ಮಧ್ಯಾಹ್ನ ಅಪ್ಪನಿಗೆ ಬೇರೆ ಬಟ್ಟೆ ತರಲು ಮೇಲೂರಿಗೆ ಹೋಗಿದ್ದರು. ಬಂದವರು ನನ್ನನ್ನು ಪಕ್ಕಕ್ಕೆ ಕರೆದು, "ಹುಳುಮನೆ ಖಾಲಿ ಇದೆ ಕಣೇ. ತಟ್ಟೆ ಎಲ್ಲಾ ತೊಳೆದು ಬೋರಲು ಹಾಕಿದ್ದಾರೆ. ಹಾಲು ನಿಲ್ಲಿಸಿದ ದಿನಾನೇ ಪಕ್ಕದ ಮನೆಯವರಿಗೆ ಹುಳ ಪೂರ್ತಿ ಕೊಟ್ಟುಬಿಟ್ಟರಂತೆ" ಎಂದರು.

ಸಂಜೆ ನರ್ಸಮ್ಮ ಹಾಲು ತುಂಬಿದ ಸಣ್ಣ ಸಿರಿಂಜನ್ನು ಮಗುವಿನ ಮೂಗಿನ ನಳಿಕೆಗೆ ಜೋಡಿಸಿದರು. ಒಂದು ಎಂಎಲ್ ನಿಧಾನವಾಗಿ ಇಳಿಯಿತು. ಮಗಳು ತುಟಿ ಚಪ್ಪರಿಸಿದಳು. ಹೊರಗೆ ಬಂದಾಗ ಅಪ್ಪ ಅದೇ ಕುರ್ಚಿಯಲ್ಲಿದ್ದರು.

"ಎಷ್ಟು ಹಾಕಿದ್ರು?"

"ಒಂದು ಎಂಎಲ್ ಅಪ್ಪ."

"ಸಾಕು. ಎದ್ದ ತಕ್ಷಣ ಎಳೇ ಸೊಪ್ಪು ಸ್ವಲ್ಪವೇ ಹಾಕ್ಬೇಕು."

"ಹುಳ ಎಲ್ಲಾ ಕೊಟ್ಬಿಟ್ಯಂತೆ?"

ಅಪ್ಪ ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸಿದರು. "ಇದನ್ನ ಬಿಟ್ಟು ಹೆಂಗ್ ಹೋಗ್ಲಮ್ಮ?" ಎಂದರು.

ನಾನು ಅವರ ಪಕ್ಕದಲ್ಲಿ ಕೂತು ಜೋರಾಗಿ ಅತ್ತುಬಿಟ್ಟೆ. ಒಳಗೆ ಹೋಗುವ ಮುಂಚೆ ಮುಖ ತೊಳೆದುಕೋ ಎಂದರು ಅಪ್ಪ.