ಪಾಚಿ ಮೇಷ್ಟ್ರ ದೀಪ

ಪ್ರಯೋಗಾಲಯದಲ್ಲಿ ಹಸಿರು ಪಾಚಿ ಸಾಕಿ, ಅದಕ್ಕೆ ವೈರಸ್ ಬಿಟ್ಟು ನೋಡುವ ಪಾಚಿ ಮೇಷ್ಟ್ರು ಮನೆಯಲ್ಲಿ ಹೊಕ್ಕ ಕೋಣೆಯಲ್ಲೆಲ್ಲ ದೀಪ ಹಾಕಿ ಮರೆಯುತ್ತಾರೆ, "ಬೆಳಕೇ ಊಟ ಅನ್ನೋಕೆ ನಾವೇನು ಪಾಚೀನಾ?" ಎಂದು ಗೊಣಗುತ್ತ ಹೆಂಡತಿ ಹಿಂದೆಯೇ ಬಂದು ಆರಿಸುತ್ತಾಳೆ. ಊಟಕ್ಕೆ ಕೂತರೂ ಅದೇ ವೈರಸ್ ಪುರಾಣ: "ಈ ಕಳ್ಳ ಬಾಗಿಲು ಒಡೆಯಲ್ಲ ಕಣೇ, ತನ್ನ ಬಾಗಿಲನ್ನ ತಾನೇ ಹೊತ್ಕೊಂಡು ಬರ್ತಾನೆ! ಪಾಚಿಯ ಪೊರೆಗೆ ಅದನ್ನ ಕೂರಿಸಿದ್ರೆ ಸಾಕು, ಒಳಗಿನ ಪೊಟ್ಯಾಸಿಯಂ ಸೋರಿಹೋಗಿ ಪಾಚಿ ಬಿಗಿ ಕಳ್ಕೊಳ್ಳತ್ತೆ, ಇವನು ಆರಾಮಾಗಿ ಒಳಗೆ!" ಆ ಹೊಗಳಿಕೆ ಕೇಳಿದರೆ ಕಳ್ಳ ಇವರ ಖಾಸಾ ಅಳಿಯನೇನೋ ಅನ್ನಿಸಬೇಕು. ಆದರೆ ವೈರಸ್ ಹಾಕುವ ಮುನ್ನ ಪಾಚಿಯ ಸೀಸೆಯ ಕಡೆ ಬಾಗಿ "ತಪ್ಪು ತಿಳ್ಕೋಬೇಡ್ರಪ್ಪಾ" ಎನ್ನುವುದನ್ನೂ, ಹಸಿರೆಲ್ಲ ಸತ್ತು ನೀರು ತಿಳಿಯಾದ ದಿನ ಅವರಿಗೆ ತುತ್ತು ಇಳಿಯದಿರುವುದನ್ನೂ ಆಕೆ ಬಲ್ಲಳು. ಮೊನ್ನೆ ಆ ಕಳ್ಳಬಾಗಿಲು ತೆರೆಯದಂತೆ ತಡೆಯುವ ಮದ್ದೊಂದನ್ನು ಸೀಸೆಗೆ ಹಾಕಿ, ಆಮೇಲೆ ವೈರಸ್ ಬಿಟ್ಟಿದ್ದರು. ಇವತ್ತು ಸಂಜೆ ಪ್ರಯೋಗಾಲಯದಿಂದ ಮೇಷ್ಟ್ರ ಫೋನು ಬಂತು: "ಎಲ್ಲಾರೂ ಇದಾರೆ ಕಣೇ. ಹಸಿರಾಗೇ ಇದಾರೆ." ಗಂಡ ಬೆಳಿಗ್ಗೆ ಹಾಕಿ ಹೋಗಿದ್ದ, ಹಗಲಲ್ಲಿ ತನ್ನ ಕಣ್ಣಿಗೂ ಬೀಳದಿದ್ದ ಪಡಸಾಲೆಯ ದೀಪ ಆರಿಸುತ್ತಲೇ ಆಕೆ ಹೇಳಿದಳು: "ಹಾಗಾದ್ರೆ ಬರೋವಾಗ ಅಲ್ಲಿ ದೀಪ ಆರಿಸ್ಬೇಡಿ ಮತ್ತೆ."